ಮಂಗಳೂರು ನಗರ ಮತ್ತು ಉಳ್ಳಾಲ–ಸೋಮೇಶ್ವರ ಕಡಲತೀರ: ಪ್ರವಾಸಿಗರ ಅವಗಾಹನೆಗಾಗಿ

ದಕ್ಷಿಣ ಕನ್ನಡ ಜಿಲ್ಲೆಯ ಕೇಂದ್ರ ಸ್ಥಾನವಾದ ಮಂಗಳೂರು ನಗರಕ್ಕೂ, ಅದರ ದಕ್ಷಿಣಕ್ಕೆ ನೇತ್ರಾವತಿ ನದಿಯ ಆಚೆ ದಡದಲ್ಲಿರುವ ಉಳ್ಳಾಲ ಮತ್ತು ಸೋಮೇಶ್ವರ ಕಡಲತೀರಕ್ಕೂ ರಾಜ್ಯದ ಎಲ್ಲ ಭಾಗಗಳಿಂದ ಸಾರ್ವಜನಿಕರು ವರ್ಷವಿಡೀ ಭೇಟಿ ನೀಡುತ್ತಾರೆ. ಇವರಲ್ಲಿ ಬಯಲುಸೀಮೆಯಿಂದ ಬರುವ ಅನೇಕರಿಗೆ ಇದೇ ಪ್ರಥಮ ಸಮುದ್ರ ದರ್ಶನವಾಗಿರುತ್ತದೆ. ಕುಟುಂಬ ಸಮೇತ ಪ್ರವಾಸ ಕೈಗೊಳ್ಳುವವರು, ಶಾಲಾ ಪ್ರವಾಸವನ್ನು ಏರ್ಪಡಿಸುವ ಮುಖ್ಯೋಪಾಧ್ಯಾಯರು ಹಾಗೂ ಸ್ವಸಹಾಯ ಸಂಘಗಳ ಪದಾಧಿಕಾರಿಗಳ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ. ಸ್ಥಳಗಳ ಹೆಸರು ಮತ್ತು ದೂರಗಳ ಪಟ್ಟಿ ಬೇರೆಡೆಯೂ ದೊರೆಯುತ್ತದೆ. ಆದುದರಿಂದ ಇಲ್ಲಿ ಆ ನಗರವು ಅಲ್ಲಿಯೇ ಏಕೆ ಬೆಳೆಯಿತು, ಅದರ ಪಕ್ಕದ ಕಡಲು ಏಕೆ ಅಪಾಯಕಾರಿ ಎಂಬ ಎರಡು ಸಂಗತಿಗಳನ್ನು ಸ್ವಲ್ಪ ವಿಸ್ತಾರವಾಗಿ ವಿವರಿಸಲಾಗಿದೆ. ಎರಡಕ್ಕೂ ಮೂಲ ಒಂದೇ ನದೀಮುಖವೆಂಬುದನ್ನು ಓದುಗರು ಮುಂದೆ ಗಮನಿಸಬಹುದು.

ನದೀಮುಖದಲ್ಲಿ ಬೆಳೆದ ಪಟ್ಟಣ

ಪಶ್ಚಿಮ ಘಟ್ಟಗಳಲ್ಲಿ ಹುಟ್ಟಿ ಪಶ್ಚಿಮಾಭಿಮುಖವಾಗಿ ಹರಿಯುವ ನೇತ್ರಾವತಿ ಮತ್ತು ಗುರುಪುರ (ಫಲ್ಗುಣಿ) ನದಿಗಳು ಮಂಗಳೂರಿನಲ್ಲಿ ಒಂದಾಗಿ ಅರಬ್ಬಿ ಸಮುದ್ರವನ್ನು ಸೇರುತ್ತವೆ. ಗುರುಪುರ ನದಿಯು ಕಡಲಿನ ಸಮೀಪ ಬಂದ ಮೇಲೆ ನೇರವಾಗಿ ಅದರೊಳಗೆ ಸೇರದೆ, ದಕ್ಷಿಣಕ್ಕೆ ತಿರುಗಿ ಕಿರಿದಾದ ಮರಳು ದಿಬ್ಬವೊಂದರ ಹಿಂಬದಿಯಲ್ಲಿ ಕಡಲಿಗೆ ಸಮಾನಾಂತರವಾಗಿ ಹರಿಯುತ್ತದೆ. ಈ ದಿಬ್ಬವೇ ಬೆಂಗ್ರೆ. ದಕ್ಷಿಣದ ಕಡೆಯಿಂದ ಉಳ್ಳಾಲದ ಕೋಟೆಪುರದ ಮರಳು ದಿಬ್ಬವು ಚಾಚಿಕೊಂಡಿದೆ. ಇವೆರಡರ ನಡುವಿನ ಕಿರಿದಾದ ದಾರಿಯನ್ನು ಸ್ಥಳೀಯರು ಅಳಿವೆ ಬಾಗಿಲು ಎನ್ನುತ್ತಾರೆ. ದಿಬ್ಬದ ಮರೆಯಲ್ಲಿ ನಿಂತ ನೀರು ಹಾಯಿಹಡಗುಗಳಿಗೆ ಅಲೆಯ ಹೊಡೆತವಿಲ್ಲದ ತಂಗುದಾಣವನ್ನು ಒದಗಿಸಿತು. ಘಟ್ಟದ ಮೇಲಿನ ಮೆಣಸು, ಕಾಡಿನ ಮರ, ಬಯಲಿನ ಅಕ್ಕಿ ಇವೆಲ್ಲವೂ ನದಿಯ ದಾರಿಯಲ್ಲಿಯೇ ಇಳಿದು ಬಂದವು. ಬಂದರಿಗೆ ಬೇಕಾದ ಬಂಡವಾಳದ ಬಹುಪಾಲನ್ನು ಪ್ರಕೃತಿಯೇ ತೊಡಗಿಸಿತ್ತು ಎಂದರೆ ತಪ್ಪಾಗಲಾರದು.

1340ರ ದಶಕದಲ್ಲಿ ಇಲ್ಲಿಗೆ ಬಂದ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತನು ಈ ಪಟ್ಟಣವನ್ನು ಮಂಜರೂರ್ ಎಂದು ಕರೆದು, ಪರ್ಷಿಯಾ ಮತ್ತು ಯೆಮನ್ ದೇಶಗಳ ವರ್ತಕರು ಇಲ್ಲಿ ಇಳಿಯುತ್ತಾರೆಂದೂ ಮೆಣಸು ಮತ್ತು ಶುಂಠಿ ಹೇರಳವಾಗಿವೆಯೆಂದೂ ಬರೆದಿರುತ್ತಾನೆ. ಅದಕ್ಕೂ ಬಹಳ ಹಿಂದೆಯೇ ಮಂಗಳಾಪುರವು ಆಳುಪ ಅರಸರ ರಾಜಧಾನಿಯಾಗಿದ್ದಿತು. ಅನಂತರ ವಿಜಯನಗರ, ಕೆಳದಿ, ಮೈಸೂರು ಆಡಳಿತಗಳನ್ನು ಕಂಡ ಪಟ್ಟಣವು 1799ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಶವಾಗಿ, ಮದ್ರಾಸ್ ಪ್ರಾಂತ್ಯದ ಭಾಗವಾಗಿ ಉಳಿದು, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಎರಡನೆಯ ಮೈಸೂರು ಯುದ್ಧವನ್ನು ಕೊನೆಗೊಳಿಸಿದ ಒಪ್ಪಂದಕ್ಕೆ 1784ರ ಮಾರ್ಚ್ 11ರಂದು ಸಹಿಯಾದುದು ಇದೇ ಊರಿನಲ್ಲಿ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿಯೂ ಹೆಸರು ಮಂಗಳೂರು ಎಂದೇ ಜಾರಿಗೆ ಬಂದಿದೆ. ಆದರೆ ಊರಿನವರ ಬಾಯಲ್ಲಿ ಇದು ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿ ಭಾಷೆಯಲ್ಲಿ ಮೈಕಾಲ. ಒಂದೇ ಬಸ್ಸಿನಲ್ಲಿ ಈ ಮೂರೂ ಹೆಸರುಗಳು ಕಿವಿಗೆ ಬಿದ್ದರೆ ಪ್ರವಾಸಿಗರು ಗೊಂದಲಕ್ಕೊಳಗಾಗಬೇಕಾಗಿಲ್ಲ.

ಅಳಿವೆಯ ಆಳ ಕಡಿಮೆಯಾದುದರಿಂದ ದೊಡ್ಡ ಹಡಗುಗಳು ಒಳಗೆ ಬರಲಾಗದೆ ಹೊರ ಸಮುದ್ರದಲ್ಲಿ ಲಂಗರು ಹಾಕಿ, ಸರಕನ್ನು ಸಣ್ಣ ದೋಣಿಗಳಲ್ಲಿ ಸಾಗಿಸಬೇಕಾಗುತ್ತಿತ್ತು. ಮಳೆಗಾಲದಲ್ಲಿ ಅದೂ ಸಾಧ್ಯವಿರಲಿಲ್ಲ. ಈ ಕಾರಣಕ್ಕಾಗಿಯೇ ಉತ್ತರದ ಪಣಂಬೂರಿನಲ್ಲಿ ಹೊಸ ಬಂದರನ್ನು ನಿರ್ಮಿಸಿ 1974ರಲ್ಲಿ ಅದನ್ನು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿಸಲಾಯಿತು. ಹಳೆ ಬಂದರಿನಲ್ಲಿ ಇಂದು ಮುಖ್ಯವಾಗಿ ಕಾಣುವುದು ಮೀನುಗಾರಿಕಾ ದೋಣಿಗಳ ಸಾಲು.

ನಗರದಲ್ಲಿ ನೋಡತಕ್ಕ ಸ್ಥಳಗಳು

ನಗರದ ಹೆಸರಿಗೆ ಕಾರಣವೆನ್ನಲಾದ ಮಂಗಳಾದೇವಿ ದೇವಸ್ಥಾನವು ಬೋಳಾರದಲ್ಲಿದೆ. ಕದ್ರಿಯ ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯನ್ನು ತಪ್ಪದೆ ನೋಡತಕ್ಕದ್ದು. ಮೂರು ಮುಖ, ಆರು ಕೈಗಳ ಈ ಮೂರ್ತಿಯ ಪೀಠದಲ್ಲಿರುವ ಶಾಸನದಂತೆ ಆಳುಪ ಅರಸ ಕುಂದವರ್ಮನು ಇದನ್ನು ಕ್ರಿ.ಶ. 968ರಲ್ಲಿ ಪ್ರತಿಷ್ಠಾಪಿಸಿದನು. ದಕ್ಷಿಣ ಭಾರತದ ಉತ್ಕೃಷ್ಟ ಕಂಚಿನ ಪ್ರತಿಮೆಗಳಲ್ಲಿ ಇದೂ ಒಂದು. ಸಾವಿರ ವರ್ಷಗಳ ನಂತರವೂ ಇದು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಹೋಗದೆ ಭಕ್ತರ ಎದುರಿನಲ್ಲಿಯೇ ಉಳಿದಿರುವುದು ವಿಶೇಷ. ದೇವಸ್ಥಾನದ ಹಿಂದಿನ ಗುಡ್ಡದಲ್ಲಿ ನಾಥ ಪಂಥದ ಜೋಗಿ ಮಠವಿದೆ. ಕುದ್ರೋಳಿಯ ಗೋಕರ್ಣನಾಥೇಶ್ವರ ಕ್ಷೇತ್ರವು 1912ರಲ್ಲಿ ಶ್ರೀ ನಾರಾಯಣ ಗುರುಗಳಿಂದ ಪ್ರತಿಷ್ಠಾಪನೆಗೊಂಡಿದ್ದು, ನವರಾತ್ರಿಯ ಸಮಯದಲ್ಲಿ ನಡೆಯುವ ಮಂಗಳೂರು ದಸರೆಯು ಇಲ್ಲಿಂದಲೇ ಹೊರಡುತ್ತದೆ.

ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರದ ಗೋಡೆ ಮತ್ತು ಮೇಲ್ಛಾವಣಿಗಳ ಮೇಲೆ ಇಟಲಿಯ ಕಲಾವಿದ, ಜೆಸ್ವಿಟ್ ಸಹೋದರ ಅಂತೋನಿಯೊ ಮೊಸ್ಕೇನಿ ಅವರು 1899ರಿಂದ 1901ರವರೆಗೆ ರಚಿಸಿದ ಚಿತ್ರಗಳಿವೆ. ಹಸಿ ಗಾರೆ ಒಣಗುವ ಮೊದಲೇ ಬಣ್ಣ ಹಾಕಿ ಮುಗಿಸಬೇಕಾದ ಭಿತ್ತಿಚಿತ್ರಗಳೂ, ಬಟ್ಟೆಯ ಮೇಲಿನ ತೈಲಚಿತ್ರಗಳೂ ಇದರಲ್ಲಿ ಸೇರಿರುತ್ತವೆ. ಒಬ್ಬ ವ್ಯಕ್ತಿ ಎರಡು ವರ್ಷಗಳ ಅಲ್ಪಾವಧಿಯಲ್ಲಿ ಇಷ್ಟು ವಿಸ್ತಾರವಾದ ಗೋಡೆಯನ್ನು ತುಂಬಿದುದನ್ನು ನೋಡಲು ಕನಿಷ್ಠ ಅರ್ಧ ಗಂಟೆಯನ್ನಾದರೂ ಮೀಸಲಿಡುವುದು ಸೂಕ್ತ. ಪ್ರಾರ್ಥನೆಯ ವೇಳೆಯಲ್ಲಿ ಮೌನ ಪಾಲಿಸತಕ್ಕದ್ದು, ಛಾಯಾಚಿತ್ರ ತೆಗೆಯುವ ಮುನ್ನ ಅನುಮತಿ ಕೇಳತಕ್ಕದ್ದು. ಕಡಲ ತೇವಾಂಶದಿಂದ ಹಾಳಾಗತೊಡಗಿದ್ದ ಈ ಚಿತ್ರಗಳನ್ನು 1990ರ ದಶಕದಲ್ಲಿ ತಜ್ಞರು ಪುನಶ್ಚೇತನಗೊಳಿಸಿದ್ದಾರೆ.

ಬಂದರು ಪ್ರದೇಶದ ಜೀನತ್ ಬಕ್ಷ್ ಜುಮ್ಮಾ ಮಸೀದಿಯು ಅರಬ್ ವರ್ತಕರ ಕಾಲದಷ್ಟು ಹಳೆಯದೆಂಬ ಪರಂಪರೆಯಿದ್ದು, ಒಳಗಿನ ಮರದ ಕೆತ್ತನೆ ಕೆಲಸಕ್ಕೆ ಹೆಸರಾಗಿದೆ. ಬೋಳೂರಿನ ಸುಲ್ತಾನ್ ಬತ್ತೇರಿಯು 1784ರಲ್ಲಿ ಟಿಪ್ಪು ಸುಲ್ತಾನನು ಯುದ್ಧನೌಕೆಗಳು ಗುರುಪುರ ನದಿಯನ್ನು ಪ್ರವೇಶಿಸದಂತೆ ಕಾಯಲು ಕಪ್ಪು ಕಲ್ಲಿನಿಂದ ಕಟ್ಟಿಸಿದ ಕಾವಲು ಬುರುಜು. ಇದು ಆಕಾರದಲ್ಲಿ ಚಿಕ್ಕದು. ಕೋಟೆಯನ್ನು ನಿರೀಕ್ಷಿಸಿ ಹೋದವರಿಗೆ ನಿರಾಶೆಯಾಗಬಹುದು. ಆದರೆ ಮೆಟ್ಟಿಲೇರಿ ಮೇಲೆ ನಿಂತು ಫಿರಂಗಿಯ ಕಿಂಡಿಗಳ ಮೂಲಕ ನದಿಯನ್ನೂ, ಅದರಾಚೆಯ ಮರಳು ದಿಬ್ಬವನ್ನೂ ನೋಡಿದಾಗ ಈ ಬಂದರಿನ ರಚನೆ ಪುಸ್ತಕದ ನಕ್ಷೆಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ಕನ್ನಡ ಓದುವವರೆಲ್ಲರೂ ಮಂಗಳೂರಿಗೆ ಒಂದು ಋಣವನ್ನು ಹೊಂದಿರುತ್ತಾರೆ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್ ಸಂಸ್ಥೆಯು ಮುದ್ರಣಾಲಯವನ್ನು ಸ್ಥಾಪಿಸಿತು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗ್ ಅವರು 1843ರ ಜುಲೈ 1ರಂದು ಇಲ್ಲಿಂದಲೇ ಹೊರತಂದರು. ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾದುದೂ ಇಲ್ಲಿಂದಲೇ. ಇದೇ ಸಂಸ್ಥೆಯ ಜಾರ್ಜ್ ಪ್ಲೆಬ್ಸ್ಟ್ ಅವರು ನದಿ ದಡದ ಜೇಡಿಮಣ್ಣನ್ನು ಪರೀಕ್ಷಿಸಿ 1865ರಲ್ಲಿ ಜೆಪ್ಪುವಿನಲ್ಲಿ ಪ್ರಾರಂಭಿಸಿದ ಕಾರ್ಖಾನೆಯಿಂದ ‘ಮಂಗಳೂರು ಹಂಚು’ ಎಂಬ ಹೆಸರು ಸಮುದ್ರದಾಚೆಗೂ ಹೋಯಿತು. ರಾಜ್ಯದ ಯಾವುದೇ ಹಳೆಯ ಸರ್ಕಾರಿ ಶಾಲೆಯ ಮಾಡನ್ನು ನೋಡಿದರೂ ಈ ಹಂಚನ್ನು ಗುರುತಿಸಬಹುದು.

ವಾಣಿಜ್ಯ ವಿಷಯವನ್ನು ಓದಿದವರಿಗೆ ಇನ್ನೊಂದು ಸಂಗತಿ ಆಸಕ್ತಿದಾಯಕವಾಗಬಹುದು. ಕೆನರಾ ಬ್ಯಾಂಕ್ (1906), ಕರ್ಣಾಟಕ ಬ್ಯಾಂಕ್ (1924) ಮತ್ತು ವಿಜಯಾ ಬ್ಯಾಂಕ್ (1931) ಇವು ಮಂಗಳೂರಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕ್ (1906) ಮತ್ತು ಸಿಂಡಿಕೇಟ್ ಬ್ಯಾಂಕ್ (1925) ಸಮೀಪದ ಉಡುಪಿಯಲ್ಲಿಯೂ ಹುಟ್ಟಿದವು. ಒಂದೇ ಕರಾವಳಿ ಜಿಲ್ಲೆಯಿಂದ ಐದು ಬ್ಯಾಂಕುಗಳು! ಇವುಗಳ ಪೈಕಿ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿಯೂ, ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನಗೊಂಡಿವೆ. ಹಳೆಯ ಪಾಸ್ ಪುಸ್ತಕಗಳಲ್ಲಿ ಮಾತ್ರ ಆ ಹೆಸರುಗಳು ಉಳಿದಿವೆ.

ಸಮಯವಿರುವವರು ಬಿಜೈನ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯವನ್ನೂ, ಮಕ್ಕಳಿರುವವರು ಪಿಲಿಕುಳ ನಿಸರ್ಗಧಾಮವನ್ನೂ ನೋಡಬಹುದು.

ನದಿಯ ಆಚೆ ದಡ: ಉಳ್ಳಾಲ ಮತ್ತು ಸೋಮೇಶ್ವರ

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ನೇತ್ರಾವತಿ ಸೇತುವೆಯನ್ನು ದಾಟಿದರೆ ತೊಕ್ಕೊಟ್ಟು, ಅಲ್ಲಿಂದ ಬಲಕ್ಕೆ ಉಳ್ಳಾಲ. ನಗರದ ಮಧ್ಯಭಾಗದಿಂದ ಸುಮಾರು 10 ಕಿ.ಮೀ. ದೂರ. ಈ ಪುಟ್ಟ ಪಟ್ಟಣವು 16ನೇ ಶತಮಾನದಲ್ಲಿ ಚೌಟ ಅರಸು ಮನೆತನದ ಬಂದರು ರಾಜಧಾನಿಯಾಗಿದ್ದಿತು. ಅಳಿಯಸಂತಾನ ಪದ್ಧತಿಯಂತೆ ಅಧಿಕಾರವು ಸ್ತ್ರೀಯರ ಮೂಲಕ ಸಾಗುತ್ತಿದ್ದ ಈ ಮನೆತನದ ರಾಣಿ ಅಬ್ಬಕ್ಕ, ಕಪ್ಪ ಕೇಳಿದ ಪೋರ್ಚುಗೀಸರಿಗೆ ಕಪ್ಪ ಕೊಡದೆ ಯುದ್ಧ ಕೊಟ್ಟವಳು. ಗೋವೆಯಿಂದ ಕೊಚ್ಚಿಯವರೆಗಿನ ಕಡಲ ದಾರಿಯಲ್ಲಿ ಯಾರು ಯಾವ ಸರಕನ್ನು ಸಾಗಿಸಬೇಕೆಂಬುದಕ್ಕೆ ಪೋರ್ಚುಗೀಸರು ಪರವಾನಗಿ ವಿಧಿಸುತ್ತಿದ್ದ ಕಾಲವದು. ಅಕ್ಕಿ ಮತ್ತು ಮೆಣಸನ್ನು ತನ್ನ ಬಂದರಿನಿಂದ ತನ್ನ ಇಚ್ಛೆಯಂತೆ ಕಳುಹಿಸುವ ಹಕ್ಕಿಗಾಗಿ ನಡೆದ ಹೋರಾಟ ಇದೆಂದು ತಿಳಿದುಕೊಂಡರೆ, ಉಳ್ಳಾಲದಂತಹ ಚಿಕ್ಕ ಸ್ಥಳಕ್ಕೆ ನೌಕಾಪಡೆಯು ಮತ್ತೆ ಮತ್ತೆ ಬಂದುದರ ಕಾರಣ ಸ್ಪಷ್ಟವಾಗುತ್ತದೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಮಣೇಲ್‌ನಲ್ಲಿ ಕಂಡು ಮಾತನಾಡಿ, ಆ ಭೇಟಿಯ ವಿವರಗಳನ್ನು ಬರೆದಿಟ್ಟಿದ್ದಾನೆ. ಒಂದಕ್ಕಿಂತ ಹೆಚ್ಚು ರಾಣಿಯರು ಅಬ್ಬಕ್ಕ ಎಂಬ ಹೆಸರನ್ನು ಹೊಂದಿದ್ದರೆಂಬುದು ಇತಿಹಾಸಕಾರರ ಅಭಿಪ್ರಾಯ. ಭಾರತೀಯ ಕರಾವಳಿ ರಕ್ಷಣಾ ಪಡೆಯ ಗಸ್ತು ನೌಕೆಯೊಂದಕ್ಕೆ 2012ರಲ್ಲಿ ರಾಣಿ ಅಬ್ಬಕ್ಕಳ ಹೆಸರನ್ನು ಇಡಲಾಗಿದೆ.

ಉಳ್ಳಾಲದ ಸಯ್ಯಿದ್ ಮುಹಮ್ಮದ್ ಶರೀಫುಲ್ ಮದನಿ ದರ್ಗಾಕ್ಕೆ ಎಲ್ಲ ಸಮುದಾಯಗಳವರೂ ಹರಕೆ ಹೊತ್ತು ಬರುತ್ತಾರೆ. ಐದು ವರ್ಷಗಳಿಗೊಮ್ಮೆ ನಡೆಯುವ ಉರೂಸ್ ಸಮಯದಲ್ಲಿ ರಸ್ತೆಗಳಲ್ಲಿ ಜನದಟ್ಟಣೆ ಅಧಿಕವಾಗಿರುತ್ತದೆ. ಉಳ್ಳಾಲದ ದಕ್ಷಿಣಕ್ಕೆ ಸೋಮೇಶ್ವರ. ಇಲ್ಲಿ ಸೋಮನಾಥ ದೇವಸ್ಥಾನವು ಕಡಲಿಗೆ ತಾಗಿಕೊಂಡಂತೆ ಬಂಡೆಗಳ ಮೇಲಿದ್ದು, ನೀರಿನೊಳಕ್ಕೆ ಚಾಚಿರುವ ದೊಡ್ಡ ಬಂಡೆಗಳನ್ನು ರುದ್ರಪಾದೆ ಎನ್ನುತ್ತಾರೆ. ತುಳುವಿನಲ್ಲಿ ಪಾದೆ ಎಂದರೆ ಬಂಡೆ. ಸೂರ್ಯಾಸ್ತದ ವೇಳೆ ದೇವಸ್ಥಾನದ ಅಂಗಳದಿಂದ ಕಾಣುವ ನೋಟ ಈ ಕರಾವಳಿಯಲ್ಲಿಯೇ ಅತ್ಯುತ್ತಮವಾದವುಗಳಲ್ಲಿ ಒಂದು ಎಂಬುದರಲ್ಲಿ ಸಂಶಯವಿಲ್ಲ. ಆ ನೋಟವನ್ನು ಅಂಗಳದಿಂದಲೇ ನೋಡಬೇಕೆಂಬುದು ಮುಂದಿನ ಭಾಗದ ವಿಷಯವಾಗಿರುತ್ತದೆ.

ಕಡಲಿನ ಸೆಳೆತ

ಸೋಮೇಶ್ವರ ಮತ್ತು ಉಳ್ಳಾಲದ ಕಡಲತೀರದಲ್ಲಿ ಪ್ರವಾಸಿಗರು ನೀರುಪಾಲಾದ ಸುದ್ದಿ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿರುತ್ತದೆ. ಮೃತರು ಹೆಚ್ಚಾಗಿ ಹೊರ ಜಿಲ್ಲೆಗಳ ಯುವಕರು ಅಥವಾ ವಿದ್ಯಾರ್ಥಿಗಳು. ಈಜು ಬಾರದವರಷ್ಟೇ ಅಲ್ಲದೆ, ಕೆರೆ ಬಾವಿಗಳಲ್ಲಿ ಚೆನ್ನಾಗಿ ಈಜಿ ಅಭ್ಯಾಸವಿದ್ದವರೂ ಇವರಲ್ಲಿ ಸೇರಿರುತ್ತಾರೆ. ‘ಅಪಾಯ, ನೀರಿಗೆ ಇಳಿಯಬೇಡಿ’ ಎಂಬ ಫಲಕವನ್ನು ಓದಿದ ನಂತರವೂ ಜನರು ಇಳಿಯುವುದಕ್ಕೆ ಮುಖ್ಯ ಕಾರಣ, ಫಲಕವು ಅಪಾಯವೇನೆಂಬುದನ್ನು ಹೇಳದಿರುವುದು. ಆದುದರಿಂದ ಅದನ್ನು ಇಲ್ಲಿ ವಿವರಿಸಲಾಗಿದೆ.

ದಡಕ್ಕೆ ಬಂದ ಪ್ರತಿಯೊಂದು ಅಲೆಯ ನೀರೂ ಹಿಂದಕ್ಕೆ ಹೋಗಲೇಬೇಕು. ಅಲೆಗಳು ಒಂದರ ಹಿಂದೊಂದು ಬರುತ್ತಿರುವಾಗ ದಡದಲ್ಲಿ ಸೇರಿದ ನೀರು ಎಲ್ಲ ಕಡೆಯಿಂದಲೂ ಸಮನಾಗಿ ಹಿಂದಿರುಗದೆ, ನೀರಿನಡಿಯ ಮರಳು ದಿಬ್ಬದಲ್ಲಿ ಎಲ್ಲಿ ತಗ್ಗು ಇದೆಯೋ ಅಲ್ಲಿ ಒಟ್ಟುಗೂಡಿ, ಕಿರಿದಾದ ತೊರೆಯಂತೆ ಕಡಲಿನ ಕಡೆಗೆ ರಭಸವಾಗಿ ಹರಿಯುತ್ತದೆ. ಇದೇ ಸೆಳೆತ. ಇದರ ವೇಗವು ಸೆಕೆಂಡಿಗೆ 2 ಮೀಟರಿನವರೆಗೂ ಏರಬಹುದು. ಒಲಿಂಪಿಕ್ ಸ್ಪರ್ಧಿಯೂ ಇದಕ್ಕೆ ಎದುರಾಗಿ ಹೆಚ್ಚು ಹೊತ್ತು ಈಜಲಾರ. ಬಂಡೆಗಳ ಪಕ್ಕದಲ್ಲಿ ಮತ್ತು ಕಲ್ಲಿನ ತಡೆಗೋಡೆಗಳ ಬದಿಯಲ್ಲಿ ಇಂತಹ ಸೆಳೆತ ಉಂಟಾಗುವ ಸಂಭವ ಹೆಚ್ಚು. ಸೋಮೇಶ್ವರದಲ್ಲಿ ಬಂಡೆಗಳಿವೆ, ಉಳ್ಳಾಲದಲ್ಲಿ ತಡೆಗೋಡೆಗಳಿವೆ.

ಇಲ್ಲಿ ಗಮನಿಸತಕ್ಕ ವಿಚಿತ್ರ ಸಂಗತಿಯೊಂದಿದೆ. ಸೆಳೆತವಿರುವ ಜಾಗದಲ್ಲಿ ಆಳ ಹೆಚ್ಚಿರುವುದರಿಂದ ಅಲೆಗಳು ಅಲ್ಲಿ ಒಡೆಯುವುದಿಲ್ಲ. ಎಡಕ್ಕೂ ಬಲಕ್ಕೂ ಬಿಳಿ ನೊರೆ ಏಳುತ್ತಿರುವಾಗ ನಡುವೆ ಸ್ವಲ್ಪ ಭಾಗ ಮಾತ್ರ ಕಪ್ಪಾಗಿ, ಶಾಂತವಾಗಿ ಕಾಣುತ್ತದೆ. ಮಕ್ಕಳನ್ನು ಆಡಿಸಲು ತಂದೆ ತಾಯಿಯರು ಆರಿಸಿಕೊಳ್ಳುವುದು ಬಹುಮಟ್ಟಿಗೆ ಅದೇ ಶಾಂತವಾದ ಜಾಗವನ್ನು.

ಎರಡನೆಯದಾಗಿ, ಇಲ್ಲಿಯ ದಂಡೆಯು ಪಣಂಬೂರಿನಂತೆ ನಿಧಾನವಾಗಿ ಇಳಿಯದೆ ಕಡಿದಾಗಿ ಇಳಿಯುತ್ತದೆ. ಮೊಣಕಾಲು ಮಟ್ಟದ ನೀರಿನಲ್ಲಿ ನಿಂತವರು ಎರಡು ಹೆಜ್ಜೆ ಮುಂದಿಟ್ಟರೆ ಎದೆಮಟ್ಟದ ನೀರಿನಲ್ಲಿರುತ್ತಾರೆ. ಹಿಂದಿರುಗುವ ಅಲೆ ಕಾಲಡಿಯ ಮರಳನ್ನು ಕೊಚ್ಚುವುದರಿಂದ ನಿಂತವರು ಬೀಳುತ್ತಾರೆ. ಬಿದ್ದವರನ್ನು ಮುಂದಿನ ಅಲೆ ಏಳಲು ಬಿಡುವುದಿಲ್ಲ.

ಮೂರನೆಯದು ರುದ್ರಪಾದೆಗೆ ಸಂಬಂಧಿಸಿದ್ದು. ಬಂಡೆಯ ಒದ್ದೆಯಾದ ಭಾಗದಲ್ಲಿ ಪಾಚಿ ಕಟ್ಟಿರುತ್ತದೆ. ಅಲೆಗಳೆಲ್ಲವೂ ಒಂದೇ ಎತ್ತರದವಲ್ಲ. ಹತ್ತಿಪ್ಪತ್ತು ಸಾಧಾರಣ ಅಲೆಗಳ ನಂತರ ಎರಡು ಮೂರು ದೊಡ್ಡ ಅಲೆಗಳು ಒಟ್ಟಿಗೆ ಬರುವುದು ಕಡಲಿನ ಸಹಜ ಸ್ವಭಾವ. ಐದು ನಿಮಿಷ ನೋಡಿ ‘ಇಲ್ಲಿಯವರೆಗೆ ನೀರು ಬರುವುದಿಲ್ಲ’ ಎಂದು ನಿರ್ಧರಿಸಿ, ಕಡಲಿಗೆ ಬೆನ್ನು ಮಾಡಿ ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆದುಕೊಳ್ಳಲು ನಿಂತವರನ್ನು ಈ ಅಲೆಗಳು ಎಳೆದೊಯ್ಯುತ್ತವೆ.

ಮಳೆಗಾಲದಲ್ಲಿ ಮಾತ್ರ ಅಪಾಯವೆಂಬ ಭಾವನೆ ಸರಿಯಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತದ ಅವಧಿಯಲ್ಲಿ ಅಲೆಗಳು 3 ಮೀಟರಿಗೂ ಮೀರುವುದರಿಂದ ಅಪಾಯವು ಕಣ್ಣಿಗೆ ಕಾಣುತ್ತದೆ. ಆ ಅವಧಿಯಲ್ಲಿ ಸಮುದ್ರ ಸ್ನಾನದ ಮಾತೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಯೇ ನಿಷೇಧಿಸಲ್ಪಟ್ಟಿರುತ್ತದೆ. ಆದರೆ ಏಪ್ರಿಲ್–ಮೇ ತಿಂಗಳ ರಜಾದಿನಗಳಲ್ಲಿ, ಗಾಳಿಯಿಲ್ಲದ ಬಿಸಿಲಿನ ದಿನದಂದೇ, ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಿಂದ ಹೊರಟ ಉಬ್ಬಲೆಗಳು ಈ ತೀರವನ್ನು ತಲುಪುವುದುಂಟು. ನೆರೆಯ ಕೇರಳದ ಮೀನುಗಾರರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಕಳ್ಳನಂತೆ ಸದ್ದಿಲ್ಲದೆ ಬರುವ ಕಡಲು ಎಂದು ಅರ್ಥ. ಇದರ ಮುನ್ಸೂಚನೆಯನ್ನು ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಪ್ರಕಟಿಸುತ್ತದೆ. ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದಲ್ಲಿ ಮುಳುಗಿ ಮೃತಪಟ್ಟುದು 2024ರ ಡಿಸೆಂಬರ್ ತಿಂಗಳಿನಲ್ಲಿ. ಅದು ಮಳೆಗಾಲವಲ್ಲ, ಪ್ರವಾಸದ ಋತು.

ಸೆಳೆತಕ್ಕೆ ಸಿಲುಕಿದವರು ದಡದ ಕಡೆಗೆ ನೇರವಾಗಿ ಈಜಲು ಪ್ರಯತ್ನಿಸಕೂಡದು. ಸೆಳೆತವು ಮನುಷ್ಯನನ್ನು ನೀರಿನಡಿಗೆ ಎಳೆಯುವುದಿಲ್ಲ, ಹೊರಕ್ಕೆ ಮಾತ್ರ ಒಯ್ಯುತ್ತದೆ. ಜನರು ಮುಳುಗುವುದು ಅದಕ್ಕೆ ಎದುರಾಗಿ ಈಜಿ ದಣಿಯುವುದರಿಂದ. ಬೆನ್ನ ಮೇಲೆ ತೇಲಿಕೊಂಡು, ಕೈಯೆತ್ತಿ ಸಹಾಯ ಕೋರಿ, ಸಾಧ್ಯವಾದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದ ಅಗಲವನ್ನು ದಾಟಿದ ನಂತರ ಅಲೆಗಳ ಜೊತೆಗೆ ದಡಕ್ಕೆ ಬರಬೇಕು. ದಡದಲ್ಲಿರುವವರು ತಾವೂ ನೀರಿಗೆ ಧುಮುಕಬಾರದು. ಒಬ್ಬರನ್ನು ಉಳಿಸಲು ಹೋಗಿ ಇನ್ನಿಬ್ಬರು ಹೋದ ಪ್ರಕರಣಗಳು ಅನೇಕ. ತೇಲುವ ಖಾಲಿ ಕ್ಯಾನು, ಚೆಂಡು, ಹಗ್ಗ, ಸೀರೆ ಯಾವುದನ್ನಾದರೂ ಎಸೆಯಬೇಕು. ಜೀವರಕ್ಷಕರನ್ನೂ, ಸಮೀಪದ ಮೀನುಗಾರರನ್ನೂ ಕೂಗಿ ಕರೆಯಬೇಕು. ಈ ತೀರದಲ್ಲಿ ಅನೇಕ ಜೀವಗಳನ್ನು ಉಳಿಸಿದವರು ಸ್ಥಳೀಯ ಮೀನುಗಾರರು ಮತ್ತು ಮುಳುಗುತಜ್ಞರು. ಅವರು ‘ಇಳಿಯಬೇಡಿ’ ಎಂದು ಗದರಿಸಿದರೆ ಅದನ್ನು ಅವಮಾನವೆಂದು ಭಾವಿಸತಕ್ಕದ್ದಲ್ಲ. ತುರ್ತು ಸಂದರ್ಭದಲ್ಲಿ 112ಕ್ಕೂ, ಆಂಬುಲೆನ್ಸ್‌ಗಾಗಿ 108ಕ್ಕೂ, ಸಮುದ್ರದಲ್ಲಿನ ಅವಘಡಗಳಿಗೆ ಕರಾವಳಿ ರಕ್ಷಣಾ ಪಡೆಯ 1554ಕ್ಕೂ ಕರೆ ಮಾಡಬಹುದು.

ನೀರಿನಲ್ಲಿ ಆಡಲೇಬೇಕೆಂಬ ಮಕ್ಕಳಿರುವವರು ಉಳ್ಳಾಲ–ಸೋಮೇಶ್ವರವನ್ನು ನೋಡಿ ಆನಂದಿಸಿ, ಆಟಕ್ಕೆ ಪಣಂಬೂರು ಅಥವಾ ತಣ್ಣೀರುಬಾವಿಯನ್ನು ಆರಿಸಿಕೊಳ್ಳುವುದು ಒಳ್ಳೆಯದು. ಅಲ್ಲಿಯೂ ಜೀವರಕ್ಷಕರು ಇರುವ ವೇಳೆಯಲ್ಲಿ, ಅವರು ತೋರಿಸಿದ ಜಾಗದಲ್ಲಿ ಮಾತ್ರ. ಮದ್ಯಪಾನ ಮಾಡಿದವರು ಯಾವ ತೀರದಲ್ಲಿಯೂ ನೀರಿನ ಸಮೀಪ ಹೋಗಕೂಡದು.

ಕಡಲ್ಕೊರೆತ

ಉಳ್ಳಾಲದಿಂದ ಸೋಮೇಶ್ವರದವರೆಗೆ ನಡೆದುಹೋಗುವವರಿಗೆ ದಡದುದ್ದಕ್ಕೂ ಸುರಿದ ದೊಡ್ಡ ಕಲ್ಲುಗಳೂ, ಅವುಗಳ ಹಿಂದೆ ಬಿರುಕುಬಿಟ್ಟ ಮನೆಗಳೂ, ಬುಡ ಕಳಚಿ ವಾಲಿದ ತೆಂಗಿನ ಮರಗಳೂ ಕಾಣುತ್ತವೆ. ಪ್ರತಿ ಮಳೆಗಾಲದಲ್ಲಿ ಅಲೆಗಳು ದಂಡೆಯ ಮರಳನ್ನು ಒಳಕ್ಕೆ ಎಳೆದೊಯ್ದು, ಮಳೆಗಾಲದ ನಂತರ ನಿಧಾನವಾಗಿ ಹಿಂದಕ್ಕೆ ತಂದು ಹಾಕುವುದು ಪಶ್ಚಿಮ ಕರಾವಳಿಯ ವಾರ್ಷಿಕ ಜಮಾ–ಖರ್ಚು. ಇಲ್ಲಿ ಖರ್ಚು ಜಮೆಗಿಂತ ಹೆಚ್ಚಾಗಿದೆ. ಅಳಿವೆ ಬಾಗಿಲನ್ನು ದೋಣಿಗಳ ಸಂಚಾರಕ್ಕೆ ತೆರೆದಿಡಲು ಕಟ್ಟಿದ ಕಲ್ಲಿನ ಅಲೆತಡೆಗೋಡೆಗಳು ದಡದುದ್ದಕ್ಕೆ ಚಲಿಸುವ ಮರಳನ್ನು ತಡೆಯುತ್ತವೆ. ನದಿಯಿಂದ ಬರಬೇಕಾದ ಮರಳು ಕಿಂಡಿ ಅಣೆಕಟ್ಟುಗಳಲ್ಲಿಯೂ, ಮರಳುಗಾರಿಕೆಯಲ್ಲಿಯೂ ಕಡಿಮೆಯಾಗುತ್ತದೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಯೋಜನೆಯಡಿ 2010ರ ದಶಕದಲ್ಲಿ ಉಳ್ಳಾಲದ ಕಡಲಿನೊಳಗೆ ಅಲೆಗಳ ಬಲವನ್ನು ಮುರಿಯುವ ದಿಬ್ಬಗಳನ್ನು ನಿರ್ಮಿಸಲಾಗಿದೆ. ಒಂದು ಕಡೆ ಕೊರೆತ ತಗ್ಗಿದರೆ ಅದರ ದಕ್ಷಿಣಕ್ಕೆ ಹೆಚ್ಚಾಯಿತೆಂಬುದು ಅಲ್ಲಿಯ ನಿವಾಸಿಗಳ ದೂರು.

ಪ್ರವಾಸಿಗರಿಗೆ ಇದರಿಂದ ತಿಳಿಯಬೇಕಾದುದೇನೆಂದರೆ, ಕಳೆದ ವರ್ಷ ನೋಡಿದ ದಂಡೆ ಈ ವರ್ಷ ಹಾಗೆಯೇ ಇರುವುದಿಲ್ಲ. ಹಿಂದೆ ಆಳವಿಲ್ಲದ ಜಾಗದಲ್ಲಿ ಈಗ ಗುಂಡಿಯಿರಬಹುದು. ತಡೆಗೋಡೆಯ ಕಲ್ಲುಗಳ ಮೇಲೆ ಹತ್ತುವುದು, ಅವುಗಳ ಸಂದಿಯಲ್ಲಿ ಕಸ ಎಸೆಯುವುದು ನಿಷಿದ್ಧ. ಕಲ್ಲುಗಳ ಹಿಂದಿರುವುದು ಪ್ರೇಕ್ಷಣೀಯ ಸ್ಥಳವಲ್ಲ, ಜನರು ವಾಸವಿರುವ ಮನೆಗಳು. ಕುಸಿದ ಮನೆಯ ಮುಂದೆ ಅನುಮತಿಯಿಲ್ಲದೆ ಛಾಯಾಚಿತ್ರ ತೆಗೆಯುವುದು ಸಭ್ಯತೆಯಲ್ಲ.

ಪ್ರಯಾಣ ಮತ್ತು ಕಾಲ

ಭೇಟಿಗೆ ನವೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿ ಉತ್ತಮ. ವಾರ್ಷಿಕ ಮಳೆ ಸುಮಾರು 3,500 ಮಿ.ಮೀ.ಗೂ ಹೆಚ್ಚಿರುವ ಈ ನಗರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ರಸ್ತೆ ಮತ್ತು ರೈಲು ಮಾರ್ಗಗಳಲ್ಲಿ ಮಣ್ಣು ಕುಸಿದು ಸಂಚಾರ ನಿಲ್ಲುವ ಸಂಭವವಿರುತ್ತದೆ. ಬೆಂಗಳೂರಿನಿಂದ ರಸ್ತೆಯಲ್ಲಿ ಸುಮಾರು 350 ಕಿ.ಮೀ. ಮಂಗಳೂರು ಸೆಂಟ್ರಲ್ ಮತ್ತು ಮಂಗಳೂರು ಜಂಕ್ಷನ್ ಎಂಬ ಎರಡು ಪ್ರತ್ಯೇಕ ರೈಲು ನಿಲ್ದಾಣಗಳಿದ್ದು, ಟಿಕೆಟ್ಟಿನಲ್ಲಿ ಯಾವುದು ನಮೂದಾಗಿದೆಯೆಂಬುದನ್ನು ಮುಂಚಿತವಾಗಿ ನೋಡಿಕೊಳ್ಳತಕ್ಕದ್ದು.

ಮಹಿಳಾ ಪ್ರಯಾಣಿಕರು ಒಂದು ವಿಷಯವನ್ನು ಗಮನಿಸಬೇಕು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯ ಉಚಿತ ಪ್ರಯಾಣವು ರಸ್ತೆ ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿಗೆ ಅನ್ವಯಿಸುತ್ತದೆ, ಐಷಾರಾಮಿ ಬಸ್ಸುಗಳಿಗಲ್ಲ. ಮಂಗಳೂರಿನ ನಗರ ಬಸ್ಸುಗಳಲ್ಲಿ ಬಹುಪಾಲು ಖಾಸಗಿಯವು. ಅವುಗಳಲ್ಲಿ ಟಿಕೆಟ್ ಪಡೆಯಲೇಬೇಕು. ಬಿಜೈನ ನಿಗಮದ ನಿಲ್ದಾಣದಲ್ಲಿ ಇಳಿದವರು ಉಳ್ಳಾಲಕ್ಕೆ ಹೋಗಲು ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣಕ್ಕೆ ಬರುವುದು ಅನುಕೂಲ. ಅಲ್ಲಿಂದ ಉಳ್ಳಾಲ ಮತ್ತು ತೊಕ್ಕೊಟ್ಟು ಕಡೆಗೆ ಬಸ್ಸುಗಳು ದೊರೆಯುತ್ತವೆ. ಚಿಲ್ಲರೆಯನ್ನು ಜೊತೆಯಲ್ಲಿಟ್ಟುಕೊಂಡರೆ ನಿರ್ವಾಹಕರೊಂದಿಗಿನ ವಾಗ್ವಾದ ತಪ್ಪುತ್ತದೆ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ಹೋಗಬಯಸುವವರು ಮಳೆಗಾಲದಲ್ಲಿ ದೋಣಿ ಇದೆಯೇ ಎಂದು ವಿಚಾರಿಸಿಕೊಂಡು ಹೊರಡತಕ್ಕದ್ದು.

ಒಂದೇ ದಿನದ ಪ್ರವಾಸವಾದರೆ ಬೆಳಿಗ್ಗೆ ಕದ್ರಿ, ಅನಂತರ ಪ್ರಾರ್ಥನಾ ಮಂದಿರ, ಮಧ್ಯಾಹ್ನದ ಬಿಸಿಲಿನ ಹೊತ್ತು ವಸ್ತುಸಂಗ್ರಹಾಲಯ, ಸಂಜೆ 4 ಗಂಟೆಯ ನಂತರ ಉಳ್ಳಾಲ ಮತ್ತು ಸೋಮೇಶ್ವರ ಎಂಬ ಕ್ರಮ ಸೂಕ್ತ. ನೀರುದೋಸೆ, ಗೋಳಿಬಜೆ, ಬನ್ಸ್ ಎಲ್ಲ ಹೋಟೆಲುಗಳಲ್ಲಿಯೂ ಸಿಗುತ್ತವೆ. ಮಾಂಸಾಹಾರಿಗಳು ಕೋರಿ ರೊಟ್ಟಿಯನ್ನು ಕೇಳಿ ಪಡೆಯಬಹುದು.

ಶಾಲಾ ಪ್ರವಾಸಗಳಿಗೆ ಶಿಕ್ಷಣ ಇಲಾಖೆಯ ಪೂರ್ವಾನುಮತಿ ಅವಶ್ಯಕ. ಕಡಲತೀರದಲ್ಲಿ ಬಸ್ಸಿನಿಂದ ಇಳಿಯುವ ಮೊದಲೇ ವಿದ್ಯಾರ್ಥಿಗಳನ್ನು ಎಣಿಸಿ, ಪ್ರತಿಯೊಂದು ಗುಂಪಿಗೆ ಒಬ್ಬ ಶಿಕ್ಷಕರನ್ನು ಹೆಸರಿಸಿ ಜವಾಬ್ದಾರಿ ವಹಿಸಬೇಕು. ಶಿಕ್ಷಕರು ಕಡಲಿಗೆ ಮುಖ ಮಾಡಿ, ಮಕ್ಕಳು ಮತ್ತು ನೀರಿನ ನಡುವೆ ನಿಲ್ಲುವ ಬದಲು ಮಕ್ಕಳ ಹಿಂದೆ ನಿಂತರೆ ಪ್ರಯೋಜನವಿಲ್ಲ. ಹೊರಡುವ ಮುನ್ನ ಆ ದಿನದ ಕಡಲಿನ ಸ್ಥಿತಿಯ ಬಗ್ಗೆ ಹವಾಮಾನ ಮುನ್ಸೂಚನೆಯನ್ನು ನೋಡಿಕೊಳ್ಳುವುದು. ವಸತಿ, ಮಾರ್ಗದರ್ಶಿಗಳು ಹಾಗೂ ಜೀವರಕ್ಷಕರು ಕರ್ತವ್ಯದಲ್ಲಿರುವ ವೇಳೆಯ ವಿವರಗಳಿಗಾಗಿ ಮಂಗಳೂರಿನಲ್ಲಿರುವ ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.